ಮರ ಹತ್ತುವವನ ಲೆಕ್ಕ

ವೈಶಾಖದ ಬಿಸಿಲು ಏರಿತೆಂದರೆ ವಿಕ್ರೋಳಿಯಲ್ಲಿ ಒಂದು ಸದ್ದು ಕೇಳಿಸತೊಡಗುತ್ತದೆ. ಕನ್ನಮ್‌ವಾರ್ ನಗರದ ಹಳೆಯ ಕಟ್ಟಡಗಳ ನಡುವೆ, ಟಾಗೋರ್ ನಗರದ ಗಲ್ಲಿಗಳಲ್ಲಿ, ಪಾರ್ಕ್‌ಸೈಟಿನ ಏರಿನಲ್ಲಿ, ಎಲ್ಲಿ ಹೋದರೂ ಗರಗಸದ ಸದ್ದು. ಜೂನ್ ತಿಂಗಳ ಎರಡನೆಯ ವಾರಕ್ಕೆ ಮಳೆ ಬಂದು ಕೂರುತ್ತದೆ. ಅಷ್ಟರೊಳಗೆ ಒಣಗಿದ ಕೊಂಬೆ, ಬಾಗಿದ ಕೊಂಬೆ, ತಂತಿಗೆ ತಾಗಿದ ಕೊಂಬೆ ಎಲ್ಲವೂ ಕೆಳಗಿಳಿಯಬೇಕು. ದಾರಿಹೋಕರು ತಲೆಯೆತ್ತಿ ನೋಡುತ್ತಾರೆ, ತಮ್ಮ ಮೇಲೆ ಬೀಳದಿರಲೆಂದು ಆಚೆ ಸರಿದು ಹೋಗುತ್ತಾರೆ. ಮೇಲಿರುವವನು ಯಾರು, ಅವನನ್ನು ಹಿಡಿದ ಹಗ್ಗ ಎಂಥದು, ಸಂಜೆ ಅವನ ಕೈಗೆ ಬೀಳುವ ಪಗಾರವೆಷ್ಟು ಎಂದು ಕೇಳುವವರಿಲ್ಲ. ನಾವು ಕೇಳಬೇಕಾಗಿದೆ. ಏಕೆಂದರೆ ಮೇಲಿರುವವರಲ್ಲಿ ನಮ್ಮವರೂ ಇದ್ದಾರೆ.

ಮೊನ್ನೆ ಒಂದು ರಾತ್ರಿ, ಹೋಟೆಲುಗಳ ಬಾಗಿಲು ಹಾಕಿದ ಮೇಲೆ, ಏಳು ಮಂದಿ ತರುಣರು ಸಂಘದ ಆಪೀಸಿಗೆ ಬಂದರು. ನಾಲ್ವರು ದಕ್ಷಿಣ ಕನ್ನಡದವರು. ಹಿಂದೆ ಹೋಟೆಲಿನಲ್ಲಿ ತಟ್ಟೆ ಎತ್ತಿದವರು, ಈಗ ಮರ ಹತ್ತುವವರು. ಮೂವರು ಕಲಬುರ್ಗಿ ಕಡೆಯವರು; ನಾಕಾದಲ್ಲಿ ನಿಂತು ದಿನಗೂಲಿಗೆ ಹೋಗುವವರು, ಕಡಿದ ಕೊಂಬೆ ಎಳೆಯುವವರು. ಎಲ್ಲರೂ ಒಬ್ಬ ಮುಕಾದಮನ ಕೈಕೆಳಗೆ ದುಡಿಯುತ್ತಾರೆ. ಅವರಲ್ಲಿ ಹಿರಿಯನು ಹೇಳಿದ ಮಾತು ಇದು: "ಅಣ್ಣಾ, ಹತ್ತುವುದು ನಾವು, ಎಳೆಯುವುದು ನಾವು, ದುಡ್ಡು ಎಣಿಸುವುದು ಮಾತ್ರ ಅವನು. ನಾವೇ ಸ್ವಂತ ಕೆಲಸ ಹಿಡಿದರೆ ಆಗುವುದಿಲ್ಲವೇ?"

ಆಗುತ್ತದೆ, ಆದರೆ ಸುಲಭವಲ್ಲ ಎಂದು ಅವರಿಗೆ ಆ ರಾತ್ರಿ ಹೇಳಿದೆವು. ಏಕೆ ಸುಲಭವಲ್ಲ ಎಂಬುದನ್ನು ಇಂದು ಎಲ್ಲ ವಾಚಕರ ಮುಂದೆ ಇಡುತ್ತಿದ್ದೇವೆ. ಹೋಟೆಲು ಕೆಲಸಗಾರರ ಪತ್ರಿಕೆಗೆ ಮರದ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಊರಿನಲ್ಲಿ ಕಾಲಿಗೆ ಹಗ್ಗದ ತಳೆ ಹಾಕಿಕೊಂಡು ಅಡಿಕೆಯ ಕೊನೆ ಇಳಿಸಿದ, ತೆಂಗಿನ ಕಾಯಿ ಕೆಡವಿದ ಮಕ್ಕಳೇ ಇಲ್ಲಿ ಮಾಣಿಗಳಾಗಿ ಬಂದವರು. ಹೋಟೆಲು ಮುಚ್ಚಿದಾಗ, ಇಲ್ಲವೇ ಧಣಿ ಹೊರಗೆ ಹಾಕಿದಾಗ, ಕೈಯಲ್ಲಿ ಉಳಿದದ್ದು ಆ ಹಳೆಯ ವಿದ್ಯೆಯೊಂದೇ. ಹೊಟ್ಟೆ ಹೊರೆಯಲು ಬೇರೆ ಕಸುಬಿಗೆ ಹೋದ ಮಾತ್ರಕ್ಕೆ ಅವರು ನಮ್ಮವರಲ್ಲದೆ ಹೋಗುವುದಿಲ್ಲ.

ಮೊದಲು ಕೆಲಸ ಎಷ್ಟಿದೆ ಎಂಬುದನ್ನು ನೋಡೋಣ. ಮುಂಬಯಿ ಮಹಾನಗರ ಪಾಲಿಕೆ ನಡೆಸಿ 2018ರಲ್ಲಿ ಮುಗಿಸಿದ ಮರಗಣತಿಯ ಪ್ರಕಾರ ಈ ನಗರದಲ್ಲಿ 29 ಲಕ್ಷ 75 ಸಾವಿರ ಮರಗಳಿವೆ. ಅವುಗಳಲ್ಲಿ 15 ಲಕ್ಷ 63 ಸಾವಿರ ಮರಗಳು ಖಾಸಗಿ ಆವರಣಗಳಲ್ಲಿವೆ. ರಸ್ತೆಯ ಬದಿಯಲ್ಲಿರುವುದು 1 ಲಕ್ಷ 85 ಸಾವಿರ ಮಾತ್ರ. ರಸ್ತೆಯ ಮರಗಳನ್ನು ಪಾಲಿಕೆಯು ಕಂತ್ರಾಟುದಾರರ ಮೂಲಕ ಸವರಿಸುತ್ತದೆ. ಸೊಸಾಯಿಟಿಯ ಒಳಗಿನ ಮರ ಸೊಸಾಯಿಟಿಯ ಹೊಣೆ. ಪಾಲಿಕೆಯ ಅನುಮತಿ ಪಡೆದು, ತನ್ನ ಖರ್ಚಿನಲ್ಲಿ ಸವರಿಸಬೇಕು. ಅರ್ಧಕ್ಕಿಂತ ಹೆಚ್ಚು ಮರಗಳು ಹೀಗೆ ಸೊಸಾಯಿಟಿ, ಕಾರ್ಖಾನೆ, ಶಾಲೆ, ದೇವಸ್ಥಾನಗಳ ಗೋಡೆಯೊಳಗಿವೆ. ನಮ್ಮ ತರುಣರು ಹಿಡಿಯಬೇಕೆಂದಿರುವುದು ಈ ಕೆಲಸವನ್ನು. ಕೆಲಸಕ್ಕೆ ಬರವಿಲ್ಲ.

ಕೆಲಸ ಸರಿಯಾಗಿ ಆಗದಿದ್ದರೆ ಏನಾಗುತ್ತದೆಂಬುದನ್ನೂ ಈ ನಗರ ಕಂಡಿದೆ. 2017ರ ಜುಲೈಯಲ್ಲಿ ನಮ್ಮ ನೆರೆಯ ಚೆಂಬೂರಿನಲ್ಲಿ ಬೆಳಗಿನ ನಡಿಗೆಗೆ ಹೊರಟಿದ್ದ ಮಹಿಳೆಯೊಬ್ಬರ ಮೇಲೆ ತೆಂಗಿನ ಮರ ಮುರಿದು ಬಿದ್ದು ಅವರು ತೀರಿಕೊಂಡರು. 2021ರ ಮೇ 17ರಂದು ತೌಕ್ತೆ ಚಂಡಮಾರುತ ಬೀಸಿದಾಗ ಮುಂಬಯಿಯಲ್ಲಿ ಎರಡು ಸಾವಿರಕ್ಕೂ ಮೀರಿ ಮರಗಳು ಉರುಳಿದವು. ಬೇರಿನ ಸುತ್ತ ಕಾಂಕ್ರೀಟು ಸುರಿದು, ಗಟಾರಕ್ಕೆಂದು ಬೇರು ಕಡಿದು, ಒಂದೇ ಪಕ್ಕದ ಕೊಂಬೆ ಸವರಿ ಮರವನ್ನು ವಾಲಿಸಿದ ಮೇಲೆ, ಗಾಳಿ ಬಂದಾಗ ಮರ ಬಿತ್ತೆಂದು ಗಾಳಿಯನ್ನು ಬೈಯುತ್ತೇವೆ. ದಿಲ್ಲಿಯಲ್ಲಿ ಮರದ ಸುತ್ತ ಒಂದು ಮೀಟರು ಜಾಗದ ಕಾಂಕ್ರೀಟು ಕಿತ್ತು ಮಣ್ಣು ಬಿಡಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿಯೇ ಆಜ್ಞೆ ಮಾಡಿತ್ತು. ವಿಕ್ರೋಳಿಯ ಎಷ್ಟು ಅಂಗಳಗಳಲ್ಲಿ ಒಂದು ಗೇಣಾದರೂ ಮಣ್ಣು ಉಳಿದಿದೆ, ವಾಚಕರೇ ನೋಡಿಕೊಳ್ಳಲಿ.

ಈಗ ನಮ್ಮ ಕಣ್ಣಾರೆ ಕಂಡ ಒಂದು ಸಂಗತಿ. ನಾವು ಹೋಟೆಲಿನಲ್ಲಿ ಚಹಾ ಹೊರುತ್ತಿದ್ದ ಕಾಲದಲ್ಲಿ, ಜೊತೆಗೆ ಒಂದೇ ಖೋಲಿಯಲ್ಲಿ ಮಲಗುತ್ತಿದ್ದ ಬಂಟ್ವಾಳ ಕಡೆಯ ಗೆಳೆಯನೊಬ್ಬನಿದ್ದ. ರಜೆಯ ದಿನ ತೆಂಗಿನ ಮರ ಹತ್ತಿ ನಾಲ್ಕು ಕಾಸು ಮಾಡುತ್ತಿದ್ದ. ಒಂದು ಸೊಸಾಯಿಟಿಯಲ್ಲಿ, ಮಳೆ ಬಂದ ಮರುದಿನ, ಪಾಚಿ ಹಿಡಿದ ಕಾಂಡದಿಂದ ಕಾಲು ಜಾರಿ ಕೆಳಗೆ ಬಿದ್ದ. ಸೊಂಟ ಮುರಿಯಿತು. ಸೊಸಾಯಿಟಿಯವರು, "ನಾವು ಕಂತ್ರಾಟುದಾರನಿಗೆ ದುಡ್ಡು ಕೊಟ್ಟಿದ್ದೇವೆ" ಎಂದರು. ಕಂತ್ರಾಟುದಾರನು, "ಇವನು ನನ್ನ ಆಳಲ್ಲ, ಮುಕಾದಮ ತಂದವನು" ಎಂದ. ಮುಕಾದಮ, "ತಾನಾಗಿ ಬಂದ, ತಾನಾಗಿ ಬಿದ್ದ" ಎಂದ. ಹೋಟೆಲಿನ ಧಣಿ, "ರಜೆಯಲ್ಲಿ ಆದದ್ದಕ್ಕೆ ನಾನೇನು ಮಾಡಲಿ" ಎಂದರು. ನಾಲ್ಕು ಬಾಯಿ, ನಾಲ್ಕು ಮಾತು. ಹೆಗಲು ಕೊಟ್ಟು ಆಸ್ಪತ್ರೆಗೆ ಹೊತ್ತವರು ನಾವು ಮೂವರು ಮಾಣಿಗಳು. ಆತ ಇಂದು ಊರಿನಲ್ಲಿ ಕೋಲೂರಿ ನಡೆಯುತ್ತಾನೆ. ಅಟ್ಟ ಹತ್ತಿಸಿ ಏಣಿ ತೆಗೆಯುವುದು ಎಂಬ ಗಾದೆಯ ಅರ್ಥ ನಮಗೆ ತಿಳಿದದ್ದು ಅಂದೇ.

ಆ ಏಳು ಮಂದಿಗೆ ನಾವು ಕೇಳಿದ ಮೊದಲ ಪ್ರಶ್ನೆಯೂ ಅದರದೇ. "ನಾಳೆ ನೀವು ಸ್ವಂತ ಕೆಲಸ ಹಿಡಿದು, ನಿಮ್ಮ ಕೈಕೆಳಗಿನ ಹುಡುಗ ಬಿದ್ದರೆ, ಆ ನಾಲ್ಕು ಬಾಯಿಗಳಲ್ಲಿ ನಿಮ್ಮದು ಯಾವ ಬಾಯಿ?" ಯಾರೂ ಕೂಡಲೇ ಉತ್ತರ ಕೊಡಲಿಲ್ಲ. ಆದುದರಿಂದಲೇ ಈ ಬರಹ.

ಸ್ವಂತ ಕಸುಬಿನ ಮೊದಲ ತೊಡಕು ಕಾಗದದ್ದು. ಮಹಾರಾಷ್ಟ್ರದ ನಗರಗಳ ಮರಗಳಿಗೆ 1975ರ ರಕ್ಷಣಾ ಕಾಯಿದೆಯಿದೆ. ಅದರಲ್ಲಿ ಮರ ಕಡಿಯುವುದೆಂದರೆ ಬುಡ ಕಡಿಯುವುದಷ್ಟೇ ಅಲ್ಲ. ಸುಡುವುದು, ಯಾವುದೇ ಬಗೆಯಲ್ಲಿ ಮರಕ್ಕೆ ಹಾನಿ ಮಾಡುವುದು ಎಲ್ಲವೂ ಕಡಿಯುವುದೇ. ತಪ್ಪಿದರೆ ದಂಡ, ಜೈಲು ಎರಡೂ ಇವೆ. 2021ರ ತಿದ್ದುಪಡಿಯಿಂದ 50 ವರ್ಷ ದಾಟಿದ ಮರ ಪಾರಂಪರಿಕ ಮರವೆನಿಸಿತು. ಅಂಥ ಒಂದು ಮರ ತೆಗೆದರೆ ಅದಕ್ಕೆ ಎಷ್ಟು ವಯಸ್ಸೋ ಅಷ್ಟು ಸಸಿಗಳನ್ನು ನೆಡಬೇಕಾಗುತ್ತದೆ. ನಮ್ಮ ಹಳೆಯ ಹೌಸಿಂಗ್ ಬೋರ್ಡ್ ವಸಾಹತುಗಳ ಎಷ್ಟೋ ಮರಗಳು ಈ ವಯಸ್ಸಿನವು. ಹೀಗಿರುವಾಗ ಸೊಸಾಯಿಟಿಯ ಕಾರ್ಯದರ್ಶಿ ಬಾಯಿಮಾತಿನಲ್ಲಿ "ಹತ್ತಿ ಕಡಿಯಿರಿ, ನಾನು ನೋಡಿಕೊಳ್ಳುತ್ತೇನೆ" ಎಂದ ಕೂಡಲೇ ಹತ್ತಿದರೆ, ಪೊಲೀಸು ಬಂದಾಗ ಗರಗಸ ಹಿಡಿದು ನಿಂತವನು ನೀವು. ಕಾರ್ಯದರ್ಶಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಅನುಮತಿಯ ಕಾಗದದ ನಕಲು ಜೇಬಿನಲ್ಲಿ ಇಲ್ಲದೆ ಒಂದು ಕಡ್ಡಿಯನ್ನೂ ಮುರಿಯಬಾರದು.

ಈ ಕಾಗದ ತಾನಾಗಿ ಬರುವುದಿಲ್ಲ. ವಿಕ್ರೋಳಿಯ ಒಂದು ಭಾಗ ಎಸ್ ವಾರ್ಡಿಗೆ, ಇನ್ನೊಂದು ಭಾಗ ಎನ್ ವಾರ್ಡಿಗೆ ಸೇರಿದೆ. ಮರ ಯಾವ ವಾರ್ಡಿನದು ಎಂದು ತಿಳಿದು ಸೊಸಾಯಿಟಿಯಿಂದ ಅರ್ಜಿ ಹಾಕಿಸಬೇಕು. ಉದ್ಯಾನ ಇಲಾಖೆಯವರು ಬಂದು ನೋಡಬೇಕು. ಯಾವ ಕೊಂಬೆ, ಎಷ್ಟು ಎಂದು ಬರೆಯಬೇಕು. ಎಷ್ಟು ಬರೆದಿದೆಯೋ ಅಷ್ಟೇ ಕಡಿಯಬೇಕು. ಈ ಓಡಾಟಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಮರಾಠಿಯಲ್ಲಿ ಅರ್ಜಿ ಓದಲು ಬಾರದವನಿಗೆ ಇದು ಮರ ಹತ್ತುವುದಕ್ಕಿಂತ ಕಷ್ಟ. ನಮ್ಮ ತರುಣರಲ್ಲಿ ಒಬ್ಬನಾದರೂ ಮರಾಠಿ ಬರೆದು ಓದುವಷ್ಟು ಕಲಿಯಲೇಬೇಕು. ಇದು ನಾಚಿಕೆಯ ಮಾತಲ್ಲ, ಅನ್ನದ ಮಾತು.

ಎರಡನೆಯ ತೊಡಕು ಗಿರಾಕಿಯದು. ಒಬ್ಬನಿಗೆ ಕಾರು ನಿಲ್ಲಿಸಲು ಜಾಗ ಬೇಕು, ಇನ್ನೊಬ್ಬನಿಗೆ ಕಿಟಕಿಗೆ ಬೆಳಕು ಬೇಕು, ಮತ್ತೊಬ್ಬನಿಗೆ ಅಂಗಡಿಯ ಬೋರ್ಡು ಕಾಣಬೇಕು. "ಪ್ರತಿವರ್ಷ ದುಡ್ಡು ಯಾಕೆ, ಒಂದೇ ಸಲ ಬೋಳಿಸಿಬಿಡಿ" ಎನ್ನುತ್ತಾರೆ. ಬೋಳಿಸಿದ ಮರ ಮರುವರ್ಷ ಗೊಂಚಲು ಗೊಂಚಲಾಗಿ ಚಿಗುರುತ್ತದೆ. ಆ ಚಿಗುರು ಒಳಗಿನಿಂದ ಹುಟ್ಟಿದ್ದಲ್ಲ, ತೊಗಟೆಗೆ ಅಂಟಿಕೊಂಡದ್ದು. ದಪ್ಪವಾದ ಮೇಲೆ ಗಾಳಿಗೆ ಸಿಗಿದು ಬೀಳುತ್ತದೆ. ಅಷ್ಟರಲ್ಲಿ ಕಡಿದ ಗಾಯದಿಂದ ಕಾಂಡ ಟೊಳ್ಳಾಗಿರುತ್ತದೆ. ಬೋಳಿಸಿದವನು ಅಪಾಯ ಕಡಿಮೆ ಮಾಡಲಿಲ್ಲ, ಮುಂದಿನ ಮಳೆಗಾಲಕ್ಕೆ ಸಾಲ ಕೊಟ್ಟು ಬಂದ. ತಿಳಿದ ಕಸುಬುದಾರನು "ಇದು ಆಗುವುದಿಲ್ಲ ಸಾಹೇಬರೇ" ಎನ್ನಬೇಕು. ಗಿರಾಕಿಗೆ ಇಲ್ಲ ಎನ್ನಲು ಧೈರ್ಯವಿಲ್ಲದವನು ಸ್ವಂತ ಕಸುಬು ಮಾಡಿಯೂ ಆಳೇ.

ವಿದ್ಯೆಯ ಮಾತಿಗೆ ಬರೋಣ. ಊರಿನಲ್ಲಿ ಕಲಿತದ್ದು ದೊಡ್ಡದು, ಆದರೆ ಪೂರ್ತಿಯಲ್ಲ. ತೆಂಗು ಬೇರೆ, ಮಳೆಮರ ಬೇರೆ. ತೆಂಗಿಗೆ ಒಂದೇ ಸುಳಿ. ಅದು ಹೋದರೆ ಮರವೇ ಹೋಯಿತು. ಅದರ ಕಾಂಡಕ್ಕೆ ಮೆಟ್ಟಲು ಕಚ್ಚು ಹಾಕಿದರೆ ಆ ಗಾಯ ಎಂದೂ ಮುಚ್ಚುವುದಿಲ್ಲ. ಮಳೆಮರ, ಗುಲ್‌ಮೊಹರಗಳಲ್ಲಿ ಕೊಂಬೆ ಕಾಂಡಕ್ಕೆ ಸೇರುವಲ್ಲಿ ಕೊರಳಿನಂತೆ ಉಬ್ಬಿದ ಭಾಗವಿರುತ್ತದೆ. ಆ ಕೊರಳನ್ನು ಉಳಿಸಿ, ಅದರ ಹೊರಮೈಗೆ ಸರಿಯಾಗಿ ಕೊಯ್ದರೆ ಮರ ತಾನೇ ಗಾಯದ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ ಎಂಬವರು ಸಾವಿರಾರು ಮರಗಳನ್ನು ಸಿಗಿದು ನೋಡಿ, ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ, ಮರವು ಕೊಳೆತ ಭಾಗವನ್ನು ಒಳಗೇ ಮುಚ್ಚಿ ಬೇರೆ ಮಾಡುತ್ತದೆ ಎಂಬುದನ್ನು 1977ರಲ್ಲಿ ಸಚಿತ್ರವಾಗಿ ಪ್ರಕಟಿಸಿದರು. ಗಾಯಕ್ಕೆ ಡಾಂಬರು, ಬಣ್ಣ ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ ಎಂಬುದೂ ಅವರ ಕೆಲಸದಿಂದ ತಿಳಿಯಿತು.

ದಪ್ಪ ಕೊಂಬೆಗೆ ಮೂರು ಕೊಯ್ತ ಬೇಕು. ಕಾಂಡದಿಂದ ಒಂದು ಅಡಿ ಆಚೆ, ಅಡಿಯಿಂದ ಮೇಲಕ್ಕೆ ಸ್ವಲ್ಪ ಕೊಯ್ಯಬೇಕು. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಪೂರ್ತಿ ಕೊಯ್ಯಬೇಕು; ಭಾರ ಅಲ್ಲಿಗೆ ಇಳಿಯುತ್ತದೆ. ಕೊನೆಗೆ ಉಳಿದ ಮೋಟನ್ನು ಕೊರಳಿನ ಬಳಿ ತೆಗೆಯಬೇಕು. ಹಾಗಲ್ಲದೆ ಮೇಲಿನಿಂದ ಒಂದೇ ಏಟಿಗೆ ಕೊಯ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಮಾರುದ್ದ ಸಿಗಿದುಕೊಂಡು ಹೋಗುತ್ತದೆ. ಕೆಲವು ಸಲ ಹತ್ತಿದವನನ್ನೂ ಎಳೆದುಕೊಂಡು ಹೋಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವಲ್ಲ, ಈ ಕಸುಬಿಗೆ ಅದು ಅಕ್ಷರಶಃ ನಿಜ. ಮರ ಎಳೆಯದಿರುವಾಗಲೇ ತಪ್ಪು ಕೊಂಬೆಯನ್ನು ಕೈಗರಗಸದಿಂದ ತೆಗೆದರೆ ಮುಂದೆ ಕ್ರೇನು ತರಬೇಕಾಗುವುದಿಲ್ಲ. ಈ ಚಿಕ್ಕ ಕೆಲಸವನ್ನು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿರೆಂದು ಸೊಸಾಯಿಟಿಗಳಿಗೆ ಹೇಳಿ ಒಪ್ಪಿಸುವವನು ಒಳ್ಳೆಯ ಕಸುಬುದಾರ.

ಸಾಮಾನಿನ ವಿಷಯ. ನಮ್ಮವರು ಈಗ ಹತ್ತುವುದು ಟೆಂಪೋ ಕಟ್ಟುವ ನೈಲಾನು ಹಗ್ಗ ನೆಚ್ಚಿಕೊಂಡು. ಸಾಮಾನು ಕಟ್ಟುವ ಹಗ್ಗಕ್ಕೂ ಮನುಷ್ಯನನ್ನು ಹಿಡಿಯುವ ಹಗ್ಗಕ್ಕೂ ವ್ಯತ್ಯಾಸವಿದೆ. ಮೈಗೆ ಕಟ್ಟುವ ಪಟ್ಟಿಯ ಮೇಲೆ ಐ.ಎಸ್. 3521 ಎಂಬ ಗುರುತು, ತಲೆಯ ಟೋಪಿಯ ಮೇಲೆ ಐ.ಎಸ್. 2925 ಎಂಬ ಗುರುತು ನೋಡಿ ಕೊಳ್ಳಬೇಕು. ಕೊಂಬೆ ಇಳಿಸುವ ಹಗ್ಗ ಬೇರೆ, ಮನುಷ್ಯನ ಹಗ್ಗ ಬೇರೆ ಇರಬೇಕು. ಒಮ್ಮೆ ಗರಗಸ ತಾಗಿದ ಹಗ್ಗವನ್ನು ಗಂಟು ಹಾಕಿ ಬಳಸಬಾರದು, ಎಸೆಯಬೇಕು. ಕೆಳಗೆ ಒಬ್ಬನು ಜನರನ್ನು ತಡೆಯಲಿಕ್ಕೆಂದೇ ನಿಲ್ಲಬೇಕು. ಅವನ ಕೈಗೆ ಬೇರೆ ಕೆಲಸ ಕೊಡಬಾರದು. ವಿದ್ಯುತ್ ತಂತಿ ಹತ್ತಿರವಿದ್ದರೆ ಕಂಪೆನಿಯವರು ಬಂದು ಪ್ರವಾಹ ನಿಲ್ಲಿಸಿದ ಮೇಲೆಯೇ ಹತ್ತಬೇಕು. ಹಸಿ ಕೊಂಬೆಯೂ ಕರೆಂಟು ಹರಿಸುತ್ತದೆ. ಹತ್ತುವ ಮುನ್ನ ಗೂಡು ನೋಡಬೇಕು. ಮರಿಯಿರುವ ಗೂಡು ಕೆಡಿಸುವುದು 1972ರ ವನ್ಯಜೀವಿ ಕಾಯಿದೆಗೆ ವಿರೋಧ, ಮನುಷ್ಯತ್ವಕ್ಕೂ ವಿರೋಧ.

ಕಡಿದ ಕೊಂಬೆ ಎಲ್ಲಿಗೆ? ಇದು ಹೊರಗಿನವರಿಗೆ ಕಾಣದ ತೊಡಕು. ಮರದ ಮೇಲೆ ಎರಡು ತಾಸು ಕೆಲಸವಾದರೆ ಕೆಳಗೆ ಐದು ತಾಸಿನ ಕೆಲಸ. ಟೆಂಪೋ ಬಾಡಿಗೆ, ತುಂಬುವ ಕೂಲಿ, ಹಾಕುವ ಜಾಗ, ಎಲ್ಲಕ್ಕೂ ದುಡ್ಡು. ಕಾಂಜೂರಮಾರ್ಗದ ಕಸದ ನಾತ ಕನ್ನಮ್‌ವಾರ್ ನಗರದವರ ಮೂಗಿಗೆ ತಿಳಿದದ್ದೇ. ಅದಕ್ಕೆ ಎಲೆಕೊಂಬೆಯನ್ನೂ ಸೇರಿಸುವುದು ಬುದ್ಧಿವಂತಿಕೆಯಲ್ಲ. ಮೊದಲು ದಪ್ಪ ಕಟ್ಟಿಗೆಯನ್ನು ಬೇಕರಿಗೆ, ತಂದೂರಿನ ಹೋಟೆಲಿಗೆ ಮಾರಿ ಟೆಂಪೋ ಖರ್ಚು ಹುಟ್ಟಿಸುತ್ತಿದ್ದರು. 2025ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು, ಕಟ್ಟಿಗೆ ಮತ್ತು ಕಲ್ಲಿದ್ದಲು ಸುಡುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸು ಮುಂತಾದ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆಜ್ಞೆ ಮಾಡಿತು. ಪಾಲಿಕೆಯು ತಂದೂರಿನವರಿಗೂ ನೋಟೀಸು ಕೊಟ್ಟಿತು. ಹೊಗೆಯಲ್ಲಿ ನಿಂತು ರೊಟ್ಟಿ ಸುಡುವ ನಮ್ಮ ಬಂಧುಗಳ ಎದೆಗೆ ಇದು ಒಳ್ಳೆಯದೇ. ಆದರೆ ಮರ ಸವರುವವನ ಕಟ್ಟಿಗೆಯ ಗಿರಾಕಿ ಹೋದ. ಆ ಆದಾಯ ನಂಬಿ ದರ ಹೇಳುವವನು ಕೈ ಸುಟ್ಟುಕೊಳ್ಳುತ್ತಾನೆ. ಎಲೆ, ಸಣ್ಣ ಕಡ್ಡಿಗಳನ್ನು ಸೊಸಾಯಿಟಿಯ ಮೂಲೆಯಲ್ಲೇ ಗೊಬ್ಬರ ಮಾಡಿಸಲು ಒಪ್ಪಿಸಿದರೆ ಒಂದು ಟೆಂಪೋ ಉಳಿಯುತ್ತದೆ.

ಇನ್ನು ಋತುವಿನ ಪಾಡು. ಜನವರಿಯಿಂದ ಮೇ ತನಕ ಊಟಕ್ಕೆ ಪುರುಸೊತ್ತಿಲ್ಲ. ಜೂನಿನಿಂದ ಸೆಪ್ಟೆಂಬರ ತನಕ ಬಿದ್ದ ಮರ ಎತ್ತುವ ಕೆಲಸ ಬಿಟ್ಟರೆ ಕೈ ಖಾಲಿ. ಬಿದ್ದ ಮರದ ಕೆಲಸವೇ ಎಲ್ಲಕ್ಕಿಂತ ಅಪಾಯದ್ದು: ನೀರು, ತಂತಿ, ಕತ್ತಲೆ, ಅವಸರ. ಐದು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಹೊಟ್ಟೆ ಹೊರೆಯಬೇಕು. ಅದರ ಮೇಲೆ ಸೊಸಾಯಿಟಿಯ ಚೆಕ್ಕು. ಕೆಲಸ ಮೇ ತಿಂಗಳಲ್ಲಿ, ಕಮಿಟಿಯ ಸಭೆ ಜುಲೈಯಲ್ಲಿ, ಸಹಿ ಮಾಡುವವರು ಊರಿನಲ್ಲಿ. ಕೂಲಿಯವನಿಗೆ ಮಾತ್ರ ಅಂದಿನ ಸಂಜೆಯೇ ಕೊಡಬೇಕು. ಆದುದರಿಂದ ಅರ್ಧ ಹಣ ಮುಂಗಡ, ಉಳಿದದ್ದು ಅಂಗಳ ಗುಡಿಸಿದ ದಿನ ಎಂದು ಕಾಗದದಲ್ಲಿ ಬರೆಸಿಕೊಳ್ಳದೆ ಹಗ್ಗ ಬಿಚ್ಚಬಾರದು.

ಈಗ ಮುಖ್ಯವಾದ ದರದ ಮಾತು. ಲೆಕ್ಕಕ್ಕೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ಎರಡು ಮರ, ಒಂದು ದಿನ, ಐದು ಜನ. ಮುಕಾದಮನ ದರ 9,000 ರೂಪಾಯಿ. ಹತ್ತುವವನಿಗೆ 1,500, ಹಗ್ಗ ಹಿಡಿಯುವವನಿಗೆ 1,000, ಕೆಳಗಿನ ಮೂವರಿಗೆ 2,400. ಕೂಲಿಯೇ 4,900 ಆಯಿತು. ಟೆಂಪೋ 2,500, ಗರಗಸದ ಎಣ್ಣೆ, ಪೆಟ್ರೋಲು, ಸರಪಳಿ 500. ಮೊತ್ತ 7,900. "ಅಣ್ಣಾ, 1,100 ಉಳಿಯಿತಲ್ಲ" ಎಂದ ಒಬ್ಬ ತರುಣ. ಉಳಿಯಲಿಲ್ಲ. ಹಗ್ಗ, ಪಟ್ಟಿ ಸವೆಯುತ್ತವೆ, ಅದಕ್ಕೆ ದಿನಕ್ಕೆ 600 ತೆಗೆದಿಡಬೇಕು. ವಿಮೆಗೆ 300. ವಾರ್ಡ್ ಆಪೀಸಿಗೆ ಅಲೆದ ದಿನದ ಕೂಲಿ 800. ಮಳೆಗಾಲದ ಗಂಜಿಗೆ 1,000. ಈಗ ಮೊತ್ತ 10,600. ಅಂದರೆ 9,000ಕ್ಕೆ ಹಿಡಿದವನು 1,600 ರೂಪಾಯಿ ಕಳೆದುಕೊಂಡಿದ್ದಾನೆ. ಅವನು ಲಾಭವೆಂದು ಜೇಬಿಗೆ ಹಾಕಿದ 1,100 ಎಲ್ಲಿಂದ ಬಂತು? ಹಗ್ಗದಿಂದ ಬಂತು, ವಿಮೆಯಿಂದ ಬಂತು, ಮಳೆಗಾಲದಲ್ಲಿ ಹಸಿಯುವ ಮಕ್ಕಳ ತಟ್ಟೆಯಿಂದ ಬಂತು.

ಹೋಟೆಲಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಿನ ಹೋಟೆಲಿನವನು ಊಟದ ದರ ಇಳಿಸಿದನೆಂದು ನಮ್ಮ ಧಣಿಯೂ ಇಳಿಸಿದಾಗ ಏನಾಗುತ್ತಿತ್ತು? ಸಾಂಬಾರಿಗೆ ನೀರು ಸೇರುತ್ತಿತ್ತು, ಮಾಣಿಯ ಪಗಾರ ಒಂದು ತಿಂಗಳು ಮುಂದಕ್ಕೆ ಹೋಗುತ್ತಿತ್ತು. ಸಾಂಬಾರಿಗೆ ನೀರು ಬೆರೆಸಿದರೆ ಗಿರಾಕಿ ಮುಖ ಹುಳಿ ಮಾಡಿಕೊಂಡು ಎದ್ದು ಹೋಗುತ್ತಾನೆ. ಹಗ್ಗದಲ್ಲಿ ಉಳಿತಾಯ ಮಾಡಿದರೆ ಹುಡುಗ ಮೇಲಿನಿಂದ ಬೀಳುತ್ತಾನೆ. ಈ ಕಸುಬಿನಲ್ಲಿ ಅಗ್ಗದ ದರವನ್ನು ತೀರಿಸುವವನು ಹತ್ತಿದವನೇ.

ಬಿದ್ದವನಿಗೆ ಆಸರೆ ಯಾವುದು? 1923ರ ಪರಿಹಾರ ಕಾಯಿದೆಯ ಎರಡನೆಯ ಪಟ್ಟಿಯಲ್ಲಿ ತಾಳೆ ಜಾತಿಯ ಮರಗಳಿಂದ ಸೇಂದಿ ಇಳಿಸುವವನು, ಮರ ಕಡಿಯುವವನು ಎಂದು ಹೆಸರಿಟ್ಟೇ ಹೇಳಿದ್ದರು. ಈ ಕೆಲಸ ಅಪಾಯದ್ದೆಂದು ಸರಕಾರಕ್ಕೆ ಹಿಂದೆಯೇ ಗೊತ್ತಿತ್ತು! 2025ರ ನವೆಂಬರ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೆಲಸದಲ್ಲಿ ಅಪಘಾತವಾದರೆ ಕೆಲಸ ಕೊಟ್ಟವನು ಪರಿಹಾರ ಕೊಡಬೇಕೆಂಬ ತತ್ವ ಅದರಲ್ಲಿಯೂ ಉಳಿದಿದೆ. ತರುಣರು ಇಲ್ಲಿ ಕಿವಿಗೊಡಬೇಕು. ಇದುವರೆಗೆ ಆ ಮಾತು ನಿಮ್ಮ ಹಕ್ಕಾಗಿತ್ತು. ಸ್ವಂತ ಕೆಲಸ ಹಿಡಿದು ಕಲಬುರ್ಗಿಯ ಹುಡುಗನಿಗೆ ಕೂಲಿ ಕೊಟ್ಟ ದಿನ ಅದೇ ಮಾತು ನಿಮ್ಮ ಹೊಣೆಯಾಗುತ್ತದೆ. ಅಂದು ನೀವು "ತಾನಾಗಿ ಬಂದ, ತಾನಾಗಿ ಬಿದ್ದ" ಎಂದರೆ ಮುಕಾದಮನನ್ನು ಬಿಟ್ಟು ಬಂದದ್ದಕ್ಕೆ ಅರ್ಥವಿಲ್ಲ.

ಕೈಗೆಟಕುವ ವಿಮೆಗಳಿವೆ. ಪ್ರಧಾನಮಂತ್ರಿ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವಯಸ್ಸಿನವರು ಬ್ಯಾಂಕಿನ ಖಾತೆಯಿಂದಲೇ ಕಟ್ಟಬಹುದು. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ಣ ಅಂಗವಿಕಲನಾದರೆ 2 ಲಕ್ಷ. ಒಂದು ಕಟಿಂಗ್ ಚಹಾದ ಬೆಲೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ತೆಂಗು ಹತ್ತುವವರಿಗೆ ಕೊಚ್ಚಿಯ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯಿದೆ. ಕಂತಿನ ದೊಡ್ಡ ಪಾಲನ್ನು ಮಂಡಳಿಯೇ ಕೊಡುತ್ತದೆ. ಅದೇ ಮಂಡಳಿ 2011ರಲ್ಲಿ ಯಂತ್ರದ ಸಹಾಯದಿಂದ ತೆಂಗು ಹತ್ತುವ ತರಬೇತಿಯನ್ನೂ ಆರಂಭಿಸಿತು. ಇವು ಸಾಲವೆಂದು ನಮಗೂ ಗೊತ್ತು. ಗಂಡಾಳಿನ ಸೊಂಟಕ್ಕೆ 2 ಲಕ್ಷ ಬೆಲೆಯಲ್ಲ. ಆದರೆ ಸಾಲದೆಂದು ಇದನ್ನೂ ಮಾಡದಿರುವುದು ಮೂರ್ಖತನ.

ಕಸುಬಿಗೆ ಯಾವ ರೂಪ ಕೊಡಬೇಕು? ಸಣ್ಣ ಉದ್ದಿಮೆಯೆಂದು ಉದ್ಯಮ್ ನೋಂದಣಿ ಮಾಡಿಸಲು ಶುಲ್ಕವಿಲ್ಲ. ಅದಕ್ಕೂ ದುಡ್ಡು ಕೇಳುವ ದಲಾಲರನ್ನು ನಂಬಬೇಡಿ. ಮುದ್ರಾ ಯೋಜನೆಯಲ್ಲಿ ಗರಗಸ, ಹಗ್ಗಗಳಿಗೆ 50,000 ರೂಪಾಯಿ ತನಕದ ಸಣ್ಣ ಸಾಲದ ಬಗೆಯಿದೆ. ಬೇರೆ ಬೇರೆ ಕುಟುಂಬಗಳ ಹತ್ತು ಮಂದಿ ಸೇರಿದರೆ 1960ರ ಮಹಾರಾಷ್ಟ್ರ ಸಹಕಾರಿ ಕಾಯಿದೆಯಲ್ಲಿ ಮಜೂರರ ಸಹಕಾರ ಸಂಘ ಕಟ್ಟಬಹುದು. ನಮ್ಮ ಒಲವು ಇದರ ಕಡೆಗೆ. ಹೆಸರಿಗೆ ಮಜೂರರ ಸಂಘ, ಒಳಗೆ ಕಂತ್ರಾಟುದಾರನ ಅಂಗಡಿ ಎಂಬಂಥವು ಈ ರಾಜ್ಯದಲ್ಲಿ ಬೇಕಾದಷ್ಟಿವೆ. ಹಾಗಾಗದಿರಲು ಮದ್ದು ಒಂದೇ. ವಾರಕ್ಕೊಮ್ಮೆ ಲೆಕ್ಕದ ಪುಸ್ತಕವನ್ನು ಎಲ್ಲರ ಮುಂದೆ ತೆರೆದು ಓದುವುದು, ಓದಲು ಬಾರದವನಿಗೂ ಕೇಳುವಂತೆ ಗಟ್ಟಿಯಾಗಿ.

"ನಾವು 10,600 ಕೇಳಿದರೆ ಸೊಸಾಯಿಟಿ 9,000ದವನನ್ನು ಕರೆಯುತ್ತದೆ, ನಾವು ಉಪವಾಸ" ಎಂದು ತರುಣರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕೆಲವು ಕೆಲಸ ಕೈ ತಪ್ಪುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲ ವರ್ಷ ಕಷ್ಟವೇ. ಆದರೆ ಸೊಸಾಯಿಟಿಯವರೂ ಮೂರ್ಖರಲ್ಲ. ಅಂಗಳದಲ್ಲಿ ಹೆಣ ಬಿದ್ದರೆ ಪೊಲೀಸರು ತಮ್ಮ ಬಾಗಿಲಿಗೂ ಬರುತ್ತಾರೆಂದು ಅವರಿಗೆ ಗೊತ್ತಿದೆ. ಅನುಮತಿಯ ಕಾಗದ, ವಿಮೆಯ ಕಾಗದ, ದರದ ವಿವರ ಮೂರನ್ನೂ ಮೇಜಿನ ಮೇಲೆ ಇಟ್ಟವನಿಗೆ ಒಂದಿಷ್ಟು ಹೆಚ್ಚು ಕೊಡುವವರು ಇದ್ದಾರೆ. ನಿಜವಾದ ಉತ್ತರ ಇನ್ನೊಂದಿದೆ: ವಿಕ್ರೋಳಿ, ಘಾಟಕೋಪರ, ಭಾಂಡುಪಿನಲ್ಲಿ ಮರ ಹತ್ತುವವರು, ಕನ್ನಡಿಗರಿರಲಿ, ಮರಾಠಿಗರಿರಲಿ, ಉತ್ತರದವರಿರಲಿ, ಇಂಥ ದರಕ್ಕಿಂತ ಕೆಳಗೆ ಹತ್ತುವುದಿಲ್ಲವೆಂದು ಒಟ್ಟಾಗಿ ನಿಂತರೆ 9,000ದವನು ಯಾರನ್ನು ಹತ್ತಿಸುತ್ತಾನೆ? ಮುಕಾದಮ ಸ್ವತಃ ಹತ್ತುವುದಿಲ್ಲ.

ಪಾಲಿಕೆಗೂ ನಮ್ಮ ಮಾತು ಇಷ್ಟು. ಕಂತ್ರಾಟು ಕೊಡುವಾಗ ಅತಿ ಕಡಿಮೆ ದರ ಮಾತ್ರ ನೋಡಬೇಡಿ. ಹಗ್ಗ, ಪಟ್ಟಿ, ವಿಮೆ, ತರಬೇತಿ ಇವುಗಳ ಖರ್ಚನ್ನು ದರದೊಳಗೆ ಬೇರೆಯಾಗಿ ಬರೆಸಿರಿ. ಇಲ್ಲದವನ ಟೆಂಡರನ್ನು ತಿರಸ್ಕರಿಸಿರಿ. ಪ್ರತಿ ವಾರ್ಡಿನಲ್ಲಿ ವರ್ಷಕ್ಕೊಮ್ಮೆ ಮರ ಸವರುವವರಿಗೆ ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡಿರಿ. ಸೊಸಾಯಿಟಿಗಳ ಕಮಿಟಿಯಲ್ಲಿ ಕುಳಿತ ನಮ್ಮ ಕನ್ನಡಿಗ ಹಿರಿಯರೇ, ಹೋಟೆಲು ಮಾಲಿಕರೇ, ನಿಮ್ಮ ಅಂಗಳದ ಮರಕ್ಕೆ ಆಳು ಕರೆಯುವಾಗ ಎಷ್ಟು ದುಡ್ಡು ಎಂದು ಕೇಳುವ ಮೊದಲು, ಹಗ್ಗ ತೋರಿಸಪ್ಪಾ ಎಂದು ಕೇಳಿರಿ.

ಆ ಏಳು ಮಂದಿ ಕಳೆದ ವಾರ ಮತ್ತೆ ಬಂದಿದ್ದರು. ಇನ್ನೂ ಮೂವರನ್ನು ಹುಡುಕುತ್ತಿದ್ದಾರೆ, ಹತ್ತು ಮಾಡಲು. ಕೆಲಸ ಇನ್ನೂ ಹಿಡಿದಿಲ್ಲ. ಹಗ್ಗ ಕೊಳ್ಳಲು ತಲಾ ಐನೂರು ರೂಪಾಯಿ ಕೂಡಿಟ್ಟಿದ್ದಾರೆ. ನಮ್ಮ ಪ್ರಶ್ನೆಗೆ ಹಿರಿಯನು ಉತ್ತರ ತಂದಿದ್ದ. "ಅಣ್ಣಾ, ನಾಲ್ಕು ಬಾಯಿಗಳಲ್ಲಿ ಯಾವುದೂ ನಮಗೆ ಬೇಡ. ನಮ್ಮ ಹುಡುಗ ಬಿದ್ದರೆ, ಹೌದು ನಮ್ಮವನು ಎನ್ನುತ್ತೇವೆ." ಈ ಮಾತನ್ನು ಅವರ ಪುಸ್ತಕದ ಮೊದಲ ಪುಟದಲ್ಲಿ ಬರೆಸಿ, ಏಳು ಮಂದಿಯ ಸಹಿ, ಹೆಬ್ಬೆಟ್ಟು ಹಾಕಿಸಿದ್ದೇವೆ. ಮರ ಹತ್ತುವ ಬಂಧುಗಳು ಯಾರಿದ್ದರೂ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಸಂಘದ ಆಪೀಸಿಗೆ ಬನ್ನಿರಿ. ದೀಪ ಉರಿಯುತ್ತಿರುತ್ತದೆ. ಬರುವಾಗ ನಿಮ್ಮ ಹಗ್ಗವನ್ನೂ ತನ್ನಿರಿ. ಮೊದಲು ಅದನ್ನು ನೋಡೋಣ.